ಸಂಜೆ ಕೂಲಿ ಕೊಡುವಾಗ

ಸಿರುಗುಪ್ಪ ಕಡೆ ಫೆಬ್ರವರಿ ಅಂದರೆ ಮೆಣಸಿನಕಾಯಿ ಬಿಡಿಸುವ ಕಾಲ. ಎಲ್ಲರ ಹೊಲವೂ ಒಟ್ಟಿಗೇ ಕೆಂಪಾಗುತ್ತದೆ, ಎಲ್ಲರಿಗೂ ಅದೇ ವಾರ ಆಳು ಬೇಕು. ಬೆಳಿಗ್ಗೆ ಏಳಕ್ಕೆಲ್ಲ ಸರ್ಕಲ್‌ನಿಂದ ಟಂಟಂ ಆಟೋಗಳು ಹೆಂಗಸರನ್ನು ತುಂಬಿಕೊಂಡು ಹೊರಡುತ್ತವೆ. ಸೀರೆ ಮೇಲೆ ಗಂಡನ ಹಳೇ ಫುಲ್ ಶರ್ಟು, ತಲೆಗೆ ಟವೆಲ್, ಕೈಯಲ್ಲಿ ಬುತ್ತಿ. ಹತ್ತು ಗಂಟೆ ಹೊತ್ತಿಗೆ ಬೆರಳು ಉರಿಯೋಕೆ ಶುರು. ಆ ಕೈ ಮರೆತು ಕಣ್ಣಿಗೆ ಹೋದರೆ ಮುಗೀತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗಿದರೂ ಉರಿ ಪೂರ್ತಿ ಹೋಗಲ್ಲ. ಹಾಲು ಕುಡಿಯುವ ಮಗು ಇರುವ ತಾಯಂದಿರು ಇದನ್ನು ಹೇಗೆ ಸಂಭಾಳಿಸುತ್ತಾರೋ, ಕೇಳೋಕೆ ನನಗೆ ಬಾಯಿ ಬಂದಿಲ್ಲ.

ಅಂಥದೊಂದು ವಾರ ನಮ್ಮ ಮನೆ ಪ್ರಾರ್ಥನೆಯಲ್ಲಿ ಬೈಬಲ್ಲಿನ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯ ಓದಿದ್ದೆವು. ಓದುವ ಮುಂಚೆ ನಮ್ಮ ಹಿರಿಯ ಮೇಷ್ಟ್ರು ಯಾವಾಗಲೂ ಒಂದು ಮಾತು ಹೇಳುತ್ತಾರೆ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತರೋ ಕೆಲಸ ಹಿಡಿದರು, ಅದು ಪೂರ್ತಿ ಆಗುವ ಹೊತ್ತಿಗೆ 1831 ಆಗಿತ್ತು, ಅಂತ. ನಮ್ಮೂರ ಬಿಸಿಲಲ್ಲೇ ಕನ್ನಡಕ್ಕೆ ಬಂದ ಪುಸ್ತಕ ಕಣ್ರೋ, ಅನ್ನೋದು ಅವರ ಹೆಮ್ಮೆ. ನಮಗೆ ಬಾಯಿಪಾಠ ಆಗಿದೆ, ಆದರೂ ಕೇಳುತ್ತೇವೆ.

ಕಥೆ ನಿಮಗೆ ಗೊತ್ತಿರಬಹುದು. ದ್ರಾಕ್ಷಿತೋಟದ ಯಜಮಾನ ಬೆಳಗಾಗುತ್ತಲೇ ಪೇಟೆಗೆ ಹೋಗಿ ದಿನಕ್ಕೊಂದು ಬೆಳ್ಳಿ ನಾಣ್ಯಕ್ಕೆ ಆಳು ಮಾತಾಡುತ್ತಾನೆ. ಆಗಿನ ಕಾಲಕ್ಕೆ ಅದು ಒಂದು ದಿನದ ಕೂಲಿ. ಆಮೇಲೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಐದಕ್ಕೂ ಹೋಗಿ ಇನ್ನಷ್ಟು ಜನರನ್ನು ಕರೆತರುತ್ತಾನೆ. ಸಂಜೆ ಎಲ್ಲರಿಗೂ ಒಂದೇ ಕೂಲಿ. ಬೆಳಿಗ್ಗೆಯಿಂದ ದುಡಿದವರು ಗೊಣಗುತ್ತಾರೆ. ನಿಮಗೆ ಮಾತಾಡಿದ್ದು ಕೊಟ್ಟಿದ್ದೀನಲ್ಲ, ನಾನು ಧಾರಾಳಿಯಾದರೆ ನಿಮಗೇಕೆ ಹೊಟ್ಟೆಕಿಚ್ಚು ಅನ್ನುತ್ತಾನೆ ಯಜಮಾನ. ಇದು ದೇವರ ಕೃಪೆಯ ಕಥೆ, ಕೂಲಿಯ ಕಥೆಯಲ್ಲ ಅಂತ ನಮಗೆಲ್ಲ ಸಂಡೇ ಸ್ಕೂಲಿನಿಂದ ಹೇಳಿಕೊಟ್ಟಿದ್ದಾರೆ. ಹೊಲ ಇಲ್ಲದವರಿಗೆ ಹಾಗೆ ಹೇಳೋದು ಸುಲಭ.

ಅದೇ ವಾರ ಒಂದು ಮಧ್ಯಾಹ್ನ ಮೋಡ ಕಟ್ಟಿತು. ಒಣಗೋಕೆ ಹಾಕಿದ ಕಾಯಿ ನಮ್ಮ ಕಣದಲ್ಲಿ ಹರಡಿತ್ತು. ಒಂದು ಮಳೆ ಬಿದ್ದರೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ರೇಟೂ ಹೋಗುತ್ತದೆ. ಇದ್ದ ಆಳು ಗಿಡದ ಮೇಲಿನ ಕಾಯಿಗೇ ಸಾಲದು. ಬೈಕ್ ತಗೊಂಡು ಸರ್ಕಲ್‌ಗೆ ಹೋದೆ. ಆಗಲೇ ಎರಡೂವರೆ. ಆ ಹೊತ್ತಲ್ಲಿ ಯಾರು ಉಳಿದಿರುತ್ತಾರೆ? ಮಂಡಿ ಹಿಡಿದ ಒಬ್ಬ ಅಜ್ಜಿ, ಅವಳ ಮುದುಕ, ಕಂಕುಳಲ್ಲಿ ಕೂಸು ಇಟ್ಟುಕೊಂಡ ಒಬ್ಬ ಹುಡುಗಿ. ಟೀ ಅಂಗಡಿ ನೆರಳಲ್ಲಿ ಕೂತಿದ್ದರು. ಬುತ್ತಿ ಗಂಟು ಇನ್ನೂ ಬಿಚ್ಚಿರಲಿಲ್ಲ.

"ಬೆಳಿಗ್ಗೆ ಯಾಕೆ ಹೋಗಲಿಲ್ಲ ಅಜ್ಜಿ?"

"ಟಂಟಂನವ್ರು ಹತ್ತಿಸ್ಕೊಳ್ಳಲಿಲ್ಲಪ್ಪ. ಸಾಲು ಮುಗಿಸಾಕ ತಡ ಮಾಡ್ತಿ ಅಂದ್ರು."

ಐದು ಗಂಟೆಗೆ ಪೇಟೆಯಲ್ಲಿ ನಿಂತವರು ಯಜಮಾನನಿಗೆ ಹೇಳಿದ್ದೂ ಇಷ್ಟೇ: ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಅವರು ಸೋಮಾರಿಗಳು ಅಂತಲೇ ನಾನು ಎಷ್ಟೋ ಪ್ರಸಂಗ ಕೇಳಿದ್ದೇನೆ. ಯೇಸುಸ್ವಾಮಿ ಹಾಗೆ ಎಲ್ಲೂ ಹೇಳಿಲ್ಲ.

ಮೂವರೂ ಬಂದರು. ಅಜ್ಜಿ ಕಣದಲ್ಲಿ ಕೂತೇ ಕಾಯಿ ರಾಶಿ ಮಾಡಿದಳು, ಮುದುಕ ತಾಡಪಾಲು ಎಳೆದ. ಮಳೆ ನಾಲ್ಕು ಹನಿ ಬಿದ್ದು ಹೋಯಿತು.

ನಮ್ಮಲ್ಲಿ ದಿನಗೂಲಿ, ಆ ಸೀಸನ್ನಿಗೆ 350 ರೂಪಾಯಿ. ಸುಮಾರು ಜನ ಈಗ ಕೆಜಿ ಲೆಕ್ಕದಲ್ಲಿ ಕೊಡುತ್ತಾರೆ. ಅವರ ಹೊಲದಲ್ಲಿ ತಡವಾಗಿ ಬಂದವರಿಗೆ ಎಷ್ಟು ಅನ್ನೋ ಪ್ರಶ್ನೆಯೇ ಹುಟ್ಟಲ್ಲ. ಕೂಲಿಯವನ ದುಡ್ಡು ರಾತ್ರಿ ನಿನ್ನ ಹತ್ತಿರ ಇರಬಾರದು ಅಂತ ಬೈಬಲ್ಲಿನ ಯಾಜಕಕಾಂಡದಲ್ಲಿ ಇದೆ. ಹಾಗಾಗಿ ನಮ್ಮಪ್ಪನ ಕಾಲದಿಂದ ವಾರದ ಬಟವಾಡೆ ಇಲ್ಲ, ಅವತ್ತಿನದು ಅವತ್ತೇ. ಆ ಸಂಜೆ ಅಜ್ಜಿಯಿಂದ ಶುರು ಮಾಡಿದೆ. ಮೂವರಿಗೂ ಪೂರ್ತಿ 350. ಬೇಕಿದ್ದರೆ ಉಳಿದವರನ್ನು ಕಳಿಸಿ ಗುಟ್ಟಾಗಿ ಕೊಡಬಹುದಿತ್ತು. ಆದರೆ ಮತ್ತಾಯನಲ್ಲಿ ಯಜಮಾನ ಬೇಕಂತಲೇ ಕೊನೆಯವರಿಂದ ಶುರು ಮಾಡಿಸುತ್ತಾನೆ, ಮೊದಲಿನವರು ನಿಂತು ನೋಡಲಿ ಅಂತ. ಅದು ಯಾಕೆ ಅಂತ ನನಗೆ ನೋಡಬೇಕಿತ್ತು.

ನೋಡಿದೆ. ಮೊದಲು ಎಲ್ಲರೂ ಸುಮ್ಮನಾದರು. ಆಮೇಲೆ ಆಳು ಕರೆತರುವ ಮೇಸ್ತ್ರಿ, "ಅಣ್ಣಾ, ಲೆಕ್ಕ ತಪ್ಪೈತಿ ನೋಡು" ಅಂದ. ತಪ್ಪಿಲ್ಲ ಅಂದೆ. "ಹಂಗಾದ್ರ ನಾಳಿಂದ ನಾವೂ ಮಧ್ಯಾಹ್ನನ ಬರ್ತೀವಿ" ಅಂತ ಯಾರೋ ಹಿಂದಿನಿಂದ ಅಂದರು, ನಗು ಎದ್ದಿತು. ನಗದಿದ್ದವಳು ಒಬ್ಬಳೇ, ಗುಂಪಿನಲ್ಲಿ ಎಲ್ಲರಿಗಿಂತ ಚುರುಕಾಗಿ ಬಿಡಿಸುವ ಅಕ್ಕ. ಕೈಯಲ್ಲಿ ದುಡ್ಡು ಹಿಡಿದುಕೊಂಡೇ ಹೇಳಿದಳು: "ಅವ್ರಿಗೆ ಕೊಡಬ್ಯಾಡ ಅನ್ನಂಗಿಲ್ಲಣ್ಣ. ಆದ್ರ ನಾನು ನಾಲ್ಕಕ್ಕ ಎದ್ದು ರೊಟ್ಟಿ ಬಡಿದು ಬಂದ ಲೆಕ್ಕ ಯಾರು ಇಡ್ತಾರ?"

ಗೆಳೆಯನೇ, ನಿನಗೆ ನಾನು ಅನ್ಯಾಯ ಮಾಡಿಲ್ಲ ಅನ್ನುವ ಯಜಮಾನನ ಉತ್ತರ ನನಗೆ ಬಾಯಿಗೆ ಬಂದಿತ್ತು. ಹೇಳಲಿಲ್ಲ. ಉರಿಯುವ ಬೆರಳಿನವಳ ಮುಂದೆ ವಚನ ಹೇಳೋದು ಚೆಂದ ಕಾಣಲ್ಲ. ಸುವಾರ್ತೆಯಲ್ಲಿ ಗೊಣಗಿದವರ ಮಾತನ್ನೂ ಮುಚ್ಚಿಟ್ಟಿಲ್ಲ ನೋಡಿ, ಬಿಸಿಲಲ್ಲಿ ದಿನವಿಡೀ ದುಡಿದೆವು ಅಂತ ಅವರ ಬಾಯಲ್ಲೇ ಹೇಳಿಸಿದ್ದಾರೆ. ಆ ಉತ್ತರ ಕೇಳಿ ಅವರು ಒಪ್ಪಿದರೋ, ಸಿಟ್ಟಲ್ಲೇ ಮನೆಗೆ ಹೋದರೋ ಬರೆದಿಲ್ಲ.

ಮಾರನೇ ದಿನ ಎಲ್ಲರೂ ಎಂಟಕ್ಕೇ ಬಂದರು. ಸಿಟ್ಟಾದವನು ಪಕ್ಕದ ಹೊಲದವನು. "ನೀನು ಹಿಂಗ ಮಾಡಿದ್ರ ಊರಿನ ರೇಟೇ ಕೆಡ್ತತಿ" ಅಂತ ಬದುವಿನ ಮೇಲೆ ನಿಂತು ಹೇಳಿ ಹೋದ. ಅವನ ಮಾತೂ ಪೂರ್ತಿ ಸುಳ್ಳಲ್ಲ, ಸಾಲ ಮಾಡಿ ಮೆಣಸಿನಕಾಯಿ ಹಾಕಿದವನು ಅವನು.

ಮುಂದಿನ ಪ್ರಾರ್ಥನೆಯಲ್ಲಿ ಇದನ್ನು ಹೇಳಿದೆ. ಪಾಸ್ಟರ್ ಮತ್ತೆ ಕೃಪೆಗೆ ಹೋದರು. ನಮ್ಮ ಚಿಕ್ಕಮ್ಮ ಮಾತ್ರ, ಅವರೂ ಒಂದು ಕಾಲದಲ್ಲಿ ಕೂಲಿಗೆ ಹೋದವರೇ, ಬೇರೆಯದನ್ನು ಕೇಳಿದರು. "ಆ ಯಜಮಾನಗ ಕೂಲಿ ಹಂಚಾಕ ಪಾರುಪತ್ಯಗಾರ ಇದ್ನಲ್ಲ. ಆಳು ಕರಿಯಾಕ ಅವನನ್ನ ಕಳಿಸಬಹುದಿತ್ತು. ಐದು ಸಲ ತಾನ ಯಾಕ ಹೋದ? ಕೊನೇ ಸಲ ಹೋದಾಗ ಇನ್ನೊಂದು ತಾಸು ಕೆಲಸ ಇತ್ತು ಅಷ್ಟ." ಯಾರ ಹತ್ತಿರವೂ ಉತ್ತರ ಇರಲಿಲ್ಲ. ನಾನು ಇಷ್ಟು ವರ್ಷ ಕೂಲಿ ಕೊಟ್ಟ ಭಾಗವನ್ನೇ ನೋಡಿದ್ದೆ, ಪೇಟೆಗೆ ನಡೆದ ಭಾಗವನ್ನಲ್ಲ.

ಈಗ ಸೀಸನ್ನಿನಲ್ಲಿ ಟಂಟಂಗಳೆಲ್ಲ ಹೋದ ಮೇಲೆ ಒಂಬತ್ತರ ಹೊತ್ತಿಗೆ ನಾನೇ ಸರ್ಕಲ್‌ಗೆ ಹೋಗಿ ಬರುತ್ತೇನೆ. ಒಬ್ಬಿಬ್ಬರು ಸಿಗುತ್ತಾರೆ. ಕೂತು ತೊಟ್ಟು ಬಿಡಿಸೋದು, ಬಣ್ಣ ಹೋದ ಬಿಳಿಗಾಯಿ ಆರಿಸೋದು ಅವರಿಗೆ. ಮೇಸ್ತ್ರಿಗೆ ಇದು ಇಷ್ಟ ಇಲ್ಲ, ತಲೆಗಿಷ್ಟು ಅಂತ ಅವನಿಗೆ ಬರುವ ಕಮಿಷನ್ ಇವರ ಮೇಲೆ ಬರಲ್ಲ. ಆ ಅಕ್ಕನಿಗೆ ಈ ವರ್ಷ 20 ರೂಪಾಯಿ ಜಾಸ್ತಿ ಮಾಡಿದ್ದೇನೆ. ಅದಕ್ಕೂ ಗೊಣಗುವವರು ಇದ್ದಾರೆ.