ಅದೇ ಮತ್ತೆ

“ದಿನಾ ನೀರು ಹಾಕ್ತೀಯಾ?”

“ಹೂಂ ಆಂಟಿ, ಒಂದು ದಿನವೂ ತಪ್ಪಿಸಿಲ್ಲ.”

“ಅದೇ ಮತ್ತೆ.”

ಮಂಗಳವಾರ ಸಂಜೆ ನಡೆದ ಮಾತು ಇಷ್ಟೇ. ಇವತ್ತು ಶನಿವಾರ. ಇನ್ನೂ ಕಿವಿಯಲ್ಲೇ ಕೂತಿದೆ. ಪಾತ್ರೆ ತೊಳೆಯುವಾಗ ಕೇಳಿಸುತ್ತದೆ, ದೀಪ ಆರಿಸಿ ಮಲಗಿದಾಗಲೂ ಕೇಳಿಸುತ್ತದೆ.

ಮೇಲಿನ ಮನೆಯ ಆಂಟಿ ಬಂದಿದ್ದು ಏಣಿ ವಾಪಸ್ ಕೊಡಲು. ನನಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೇ. ಯಾರ ಮನೆಗೆ ಹೋದರೂ ಅವರ ಕಣ್ಣು ಮೊದಲು ಹೋಗುವುದು ಕೊರತೆಯ ಮೇಲೆ. ಪರದೆ ಗಿಡ್ಡ ಆಯ್ತು, ಫ್ಯಾನಿನ ಮೇಲೆ ದೂಳು ಇದೆ, ಹೀಗೆ. ಅವತ್ತು ಸಿಕ್ಕಿದ್ದು ಹಾಲ್‌ನ ಮೂಲೆಯಲ್ಲಿದ್ದ ನನ್ನ ಪೀಸ್ ಲಿಲಿ.

ನಿಜ ಹೇಳಬೇಕೆಂದರೆ ಅದು ಯಾರ ಕಣ್ಣಿಗಾದರೂ ಬೀಳುವ ಹಾಗೇ ಇತ್ತು. ಕೆಳಗಿನ ನಾಲ್ಕು ಎಲೆ ಹಳದಿ. ತುದಿಗಳು ಕಂದು. ಉಳಿದವು ಕುಂಡದ ಅಂಚಿನಿಂದ ಸೋತು ಜೋತುಬಿದ್ದಿದ್ದವು. ಎರಡು ವಾರದಿಂದ ಹೀಗೇ. ನೀರು ಸಾಲುತ್ತಿಲ್ಲ ಅಂದುಕೊಂಡು, ಬೆಳಿಗ್ಗೆ ಹಾಕುತ್ತಿದ್ದ ಒಂದು ಲೋಟದ ಜೊತೆ ಸಂಜೆಗೂ ಒಂದು ಲೋಟ ಶುರು ಮಾಡಿದ್ದೆ. ನಮ್ಮ ಮನೆಯವರು “ಬಿಸಾಕಿ ಇನ್ನೊಂದು ತಂದ್ರಾಯ್ತು” ಅಂದಿದ್ದರು. ಹಾಳಾದ ಮಿಕ್ಸಿಗೂ ಅವರದು ಇದೇ ಮದ್ದು. ಗಿಡ ಉಡುಗೊರೆ ಕೊಟ್ಟ ಗೆಳತಿ ಮಾತ್ರ ದಿನಕ್ಕೊಂದು ವಿಡಿಯೋ ಕಳಿಸುತ್ತಿದ್ದಳು. ಒಂದರಲ್ಲಿ ಎಪ್ಸಮ್ ಸಾಲ್ಟ್, ಇನ್ನೊಂದರಲ್ಲಿ ಬೇವಿನ ಎಣ್ಣೆ. ರೋಗ ಯಾವುದು ಅಂತ ಯಾರಿಗೂ ಗೊತ್ತಿಲ್ಲ, ಔಷಧಿ ಮಾತ್ರ ಎಲ್ಲರ ಹತ್ತಿರವೂ ಇದೆ!

ಆಂಟಿ ಔಷಧಿಯ ಸುದ್ದಿ ಎತ್ತಲಿಲ್ಲ. ಎಲೆಯನ್ನು ತಿರುಗಿಸಿ ಹಿಂಬದಿ ನೋಡಿದರು. ಆಮೇಲೆ ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿದರು. ಬೆರಳು ಹೊರಬಂದಾಗ ಕೆಸರು ಮೆತ್ತಿತ್ತು. ಆಗ ಬಂದಿದ್ದು ಆ ಪ್ರಶ್ನೆ. ನಾನು ಉತ್ತರ ಕೊಟ್ಟ ಧಾಟಿ ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ಅದರಲ್ಲಿ ಹೆಮ್ಮೆ ಇತ್ತು. ಹಾಜರಿ ಪುಸ್ತಕ ತೋರಿಸುವ ಹುಡುಗಿಯ ಹಾಗೆ. ಒಂದು ದಿನವೂ ತಪ್ಪಿಸಿಲ್ಲ!

ಅದೇ ಮತ್ತೆ.

ಬಯ್ದಿದ್ದರೆ ವಾದ ಮಾಡಬಹುದಿತ್ತು. ಅವರು ಬಯ್ಯಲಿಲ್ಲ. ಕಳೆದ ಬೀಗದ ಕೈ ಸೋಫಾ ಸಂದಿಯಲ್ಲಿ ಸಿಕ್ಕಾಗ ಹೇಳುತ್ತೇವಲ್ಲ, ಅಷ್ಟೇ ಸಲೀಸಾಗಿ ಹೇಳಿದರು.

ಹಳೇ ಪೇಪರ್ ಹಾಸಿ ಗಿಡವನ್ನು ಮಣ್ಣಿನ ಸಮೇತ ಹೊರಗೆಳೆದೆವು. ವಾಸನೆ! ಕಟ್ಟಿಕೊಂಡ ಚರಂಡಿಯ ವಾಸನೆ. ಬಿಳಿಯಾಗಿ ಗಟ್ಟಿಯಾಗಿ ಇರಬೇಕಾದ ಬೇರು ಕಂದಾಗಿ ಮೆತ್ತಗಾಗಿತ್ತು. ಎಳೆದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಚಂದ ಕಂಡಿತೆಂದು ನಾನು ತಂದಿದ್ದ ಪಿಂಗಾಣಿ ಕುಂಡಕ್ಕೆ ತೂತೇ ಇರಲಿಲ್ಲ. ತೂತಿಲ್ಲದಿದ್ದರೇನು, ತಳಕ್ಕೆ ಕಲ್ಲು ಹಾಕಿದರೆ ಸಾಕು ಅಂತ ಎಲ್ಲೋ ನೋಡಿ ಎರಡು ಹಿಡಿ ಕಲ್ಲು ಸುರಿದಿದ್ದೆ. ಅದರಿಂದ ಏನೂ ಆಗುವುದಿಲ್ಲವಂತೆ. ಮೇಲಿನ ಮಣ್ಣು ಪೂರ್ತಿ ನೆನೆಯುವ ತನಕ ನೀರು ಕಲ್ಲಿನ ಸಂದಿಗೆ ಇಳಿಯುವುದೇ ಇಲ್ಲ. ಕೆಸರು ಅಷ್ಟು ಮೇಲಕ್ಕೆ ಬಂದು, ಬೇರಿಗೆ ಇನ್ನೂ ಹತ್ತಿರವಾಗುತ್ತದೆ, ಅಷ್ಟೇ.

ನನ್ನನ್ನು ಕಾಡುತ್ತಿರುವುದು ಆ ಸಂಜೆಯ ಲೋಟ. ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣಿನ ಕಣಗಳ ನಡುವೆ ಗಾಳಿ ಇರುವ ಜಾಗದಲ್ಲಿ ನೀರೇ ನಿಂತರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯಲಾರದು. ಹಾಗಾಗಿ ನೀರಿನಲ್ಲೇ ನಿಂತ ಗಿಡ ಬಾಯಾರಿ ಬಾಡುತ್ತದೆ. ಒಣಗಿ ಬಾಡಿದ ಗಿಡವೂ ನೋಡಲು ಹಾಗೇ ಇರುತ್ತದೆ. ಎರಡು ತದ್ವಿರುದ್ಧ ಕಷ್ಟ, ಮುಖ ಒಂದೇ. ಅದು ಸಾಕು ಸಾಕು ಅನ್ನುತ್ತಿದ್ದಾಗ ನಾನು ಇನ್ನೊಂದು ಲೋಟ ಸುರಿದೆ, ಅದೂ ಪ್ರೀತಿಯಿಂದ.

ಮುಂದಿನ ಕೆಲಸ ಅರ್ಧ ಗಂಟೆಯದು. ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ ಕೊಳೆತ ಬೇರೆಲ್ಲ ಕತ್ತರಿಸಿದೆವು. ಉಳಿದ ಬೇರಿಗೆ ಅಷ್ಟು ಎಲೆ ಸಾಕುವ ಶಕ್ತಿ ಇಲ್ಲ ಅಂತ ಕೆಲವು ಎಲೆಗಳನ್ನೂ ತೆಗೆದೆವು. ಹೊಸ ಮಣ್ಣಿಗೆ ಕೋಕೋಪೀಟ್, ದಪ್ಪ ಮರಳು ಬೆರೆಸಿ, ತೂತಿರುವ ಸಣ್ಣ ಪ್ಲಾಸ್ಟಿಕ್ ಕುಂಡಕ್ಕೆ ನೆಟ್ಟೆವು. ದೊಡ್ಡ ಕುಂಡ ಯಾಕೆ ಬೇಡ ಅಂದರೆ, ಬೇರು ಮುಟ್ಟದ ಮಣ್ಣು ಬೇಗ ಒಣಗುವುದಿಲ್ಲ. ಹೊಸ ಬೇರು ಹಿಡಿಯುವ ತನಕ ಗೊಬ್ಬರ ಇಲ್ಲ. ಬೆಳಕು ಬೇಕು, ನೇರ ಬಿಸಿಲು ಬೇಡ. “ಹಳದಿಯಾದ ಎಲೆ ಮತ್ತೆ ಹಸಿರಾಗಲ್ಲ, ಅದನ್ನ ನೋಡ್ತಾ ಕೂರಬೇಡ. ಸುಳಿ ನೋಡು” ಅಂದು, ಕೈ ತೊಳೆದು ಆಂಟಿ ಹೋದರು. ಹೋಗುವಾಗ ಫ್ಯಾನನ್ನೂ ಒಮ್ಮೆ ನೋಡಿದರು.

ಆ ರಾತ್ರಿ ಹಳೇ ಕೇಸುಗಳೆಲ್ಲ ಮತ್ತೆ ತೆರೆದುಕೊಂಡವು.

ಈ ಮನೆಯಲ್ಲಿ ಇದಕ್ಕೆ ಮೊದಲು ಮೂರು ಗಿಡ ಸತ್ತಿವೆ. ಮೂರಕ್ಕೂ ಅಪರಾಧಿ ಸಿಕ್ಕಿದ್ದ. ಸ್ನೇಕ್ ಪ್ಲಾಂಟ್ ಒಂದು ದಿನ ಮುಟ್ಟಿದರೆ ಬುಡದಿಂದಲೇ ಕೈಗೆ ಬಂತು. ಅದನ್ನು ಮೂಲೆಗೆ ಸರಿಸಿದ್ದು ಮನೆಯವರು, ಹಾಗಾಗಿ ತಪ್ಪು ಅವರದು. ಈಗ ಅನ್ನಿಸುತ್ತದೆ, ದಪ್ಪ ಎಲೆಯೊಳಗೇ ನೀರು ಕೂಡಿಟ್ಟುಕೊಳ್ಳುವ ಗಿಡ ಅದು, ಎರಡು ಮೂರು ವಾರ ಮರೆತರೂ ಬದುಕುತ್ತದೆ. ಅದಕ್ಕೂ ನನ್ನ ದಿನದ ಲೋಟ ತಪ್ಪಿರಲಿಲ್ಲ. ಮನೆಯವರ ಹತ್ತಿರ ಕ್ಷಮೆ ಕೇಳಬೇಕು. ಇನ್ನೂ ಕೇಳಿಲ್ಲ.

ಕ್ರೋಟನ್ ಎಲೆ ಉದುರಿಸಿ ಬೋಳಾಗಿತ್ತು. ಅದು ನರ್ಸರಿಯವನು ಕೊಟ್ಟ ಕೆಟ್ಟ ಗಿಡ ಅಂತ ತೀರ್ಪಾಗಿತ್ತು. ಆದರೆ ಅದರ ಎಲೆಯ ಮೇಲೆ ಸೂಜಿ ಚುಚ್ಚಿದ ಹಾಗೆ ಸಣ್ಣ ಚುಕ್ಕೆಗಳಿದ್ದವು, ತೊಟ್ಟಿನ ಹತ್ತಿರ ತೆಳ್ಳನೆಯ ಬಲೆ ಇತ್ತು. ಎಷ್ಟು ನಾಜೂಕು ಅಂತ ಫೋಟೋ ಬೇರೆ ತೆಗೆದಿದ್ದೆ! ಅದು ನುಸಿ. ಒಣ ಹವೆಯಲ್ಲಿ ಹೆಚ್ಚುತ್ತದೆ. ಬಿಳಿ ಹಾಳೆಯ ಮೇಲೆ ಎಲೆಯನ್ನು ತಟ್ಟಿದ್ದರೆ ಓಡಾಡುವ ಚುಕ್ಕೆಗಳು ಕಾಣುತ್ತಿದ್ದವು. ಎಲೆಯ ಹಿಂಬದಿಗೆ ಜೋರಾಗಿ ನೀರು ಹೊಡೆದು ತೊಳೆಯುತ್ತಾ ಬಂದಿದ್ದರೆ ಬಹುಶಃ ಉಳಿಯುತ್ತಿತ್ತು. ನಾನು ನೀರು ಹಾಕುತ್ತಿದ್ದೆನೇ ಹೊರತು ನೋಡುತ್ತಿರಲಿಲ್ಲ. ಲೋಟ ಬಗ್ಗಿಸಲು ಹತ್ತು ಸೆಕೆಂಡು ಸಾಕು. ಅಷ್ಟರಲ್ಲಿ ಕಣ್ಣು ಎಲ್ಲಿರುತ್ತದೋ ಯಾರಿಗೆ ಗೊತ್ತು. ದಿನಾ ಮಾಡುವ ಕೆಲಸವನ್ನು ಯಾರು ನೋಡಿ ಮಾಡುತ್ತಾರೆ?

ಮೂರನೆಯದು ಕುಂಡದ ದಾಸವಾಳ. ಅದನ್ನು ನೆನೆದಾಗ ಮಾತ್ರ ಸ್ವಲ್ಪ ಸಮಾಧಾನವಾಯಿತು. ಅದು ಸತ್ತಿದ್ದು ನೀರಿನಿಂದಲ್ಲ, ಹಿಟ್ಟು ತಿಗಣೆಯಿಂದ. ಚಿಗುರಿನ ಸಂದಿಯಲ್ಲೆಲ್ಲ ಹತ್ತಿ ಅಂಟಿಸಿದ ಹಾಗೆ ಬಿಳಿ ಗುಂಪು, ಎಲೆಯೆಲ್ಲ ಅಂಟಂಟು. ಬೇವಿನ ಎಣ್ಣೆಗೆ ಸೋಪು ಬೆರೆಸಿ ಒಂದು ಸಲ ಹೊಡೆದೆ. ವಾರಕ್ಕೊಮ್ಮೆ ಬಿಡದೆ ಹೊಡೆಯಬೇಕು, ಮೊಟ್ಟೆ ಒಡೆದು ಮತ್ತೆ ಹುಟ್ಟುತ್ತವೆ ಅಂತ ಗೊತ್ತಾಗುವಷ್ಟರಲ್ಲಿ ಗಿಡ ಹೋಗಿತ್ತು. ಆದರೂ ಹುಳ ಹುಳವೇ ಅಲ್ವಾ? ನಾನೇನು ಕರೆದಿದ್ದೆನಾ?

ಪೀಸ್ ಲಿಲಿಗೆ ನಾಲ್ಕು ದಿನದಿಂದ ನೀರು ಹಾಕಿಲ್ಲ. ಬೆಳಿಗ್ಗೆ ಲೋಟ ಹಿಡಿದು ಹೋಗುತ್ತೇನೆ, ಬೆರಳು ಇಳಿಸಿ ನೋಡುತ್ತೇನೆ, ಒಳಗೆ ತಂಪಿದೆ, ಲೋಟದ ನೀರನ್ನು ನಾನೇ ಕುಡಿದು ಬರುತ್ತೇನೆ. ಎಲೆಗಳು ಇನ್ನೂ ಎದ್ದಿಲ್ಲ. ಸುಳಿ ಮಾತ್ರ ಹಸಿರಾಗಿದೆ.

ಇವತ್ತು ಮೆಟ್ಟಿಲ ಮೇಲೆ ಆಂಟಿ ಸಿಕ್ಕಿದರು. ಗಿಡದ ವರದಿ ಒಪ್ಪಿಸಿದೆ. ಬಿಡಬಾರದು ಅಂತ ದಾಸವಾಳದ ಕಥೆಯನ್ನೂ ಹೇಳಿದೆ. ನೋಡಿ ಆಂಟಿ, ಅದು ಮಾತ್ರ ಹುಳ ಬಿದ್ದು ಹೋಗಿದ್ದು.

“ಗೊಬ್ಬರ ಹಾಕ್ತಿದ್ದೆಯಾ?”

“ಹಾಕದೆ ಇರ್ತೀನಾ? ಚೆನ್ನಾಗಿ ಚಿಗುರಲಿ ಅಂತ ವಾರ ವಾರ ಯೂರಿಯಾ ಹಾಕ್ತಿದ್ದೆ. ಎಷ್ಟು ಚಿಗುರಿತ್ತು ಗೊತ್ತಾ, ಮೆತ್ತಗೆ, ಎಳಸಾಗಿ...”

ಹೇಳುತ್ತಿರುವಾಗಲೇ ನನಗೆ ಗೊತ್ತಾಗಿಬಿಟ್ಟಿತು. ಆ ರಸಭರಿತ ಎಳೆ ಚಿಗುರೇ ಆ ಹುಳಕ್ಕೆ ಹಬ್ಬ. ಆಂಟಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಬಾಯಿ ತೆರೆದರು.

“ಅದೇ ಮತ್ತೆ” ಅಂದೆ, ಅವರಿಗಿಂತ ಮೊದಲೇ.