ತಂತಿ ನುಂಗಿದ ಓಕ್ ಮರ

ನಮ್ಮ ಮನೆ ಇರುವುದು ಅಮೆರಿಕದ ನಾರ್ತ್ ಕೆರೊಲಿನಾದ ಡರ್ಹಮ್ ಊರಿನ ಅಂಚಿನಲ್ಲಿ. ಹಿತ್ತಿಲು ಮುಗಿದ ಕೂಡಲೇ ಕಾಡು. ಎಡಕ್ಕೆ ಬರೀ ಲಾಬ್ಲಾಲಿ ಪೈನ್, ಎಲ್ಲವೂ ಒಂದೇ ಎತ್ತರ, ಒಂದೇ ಓರಗೆಯವು. ಬಲಕ್ಕೆ ಓಕ್, ಹಿಕ್ಕರಿ, ಕೆಳಗೆ ಗಿಡ್ಡ ಡಾಗ್‌ವುಡ್. ನಡುವೆ ದಾರ ಹಿಡಿದು ಎಳೆದಂತೆ ಗೆರೆ.

ಮೊದಲ ವರ್ಷ ಪೈನ್ ಬದಿಯಲ್ಲಿ, ಬಿಸಿಲು ಬೀಳುವ ಕಡೆ ಮೆಂತ್ಯ ಹಾಕಿದ್ದೆ. ನಾಲ್ಕೆಲೆ ಬಿಟ್ಟು ಹಳದಿಯಾಗಿ ನಿಂತಿತು. ಮಣ್ಣು ಪರೀಕ್ಷೆ ಮಾಡಿಸಿದರೆ ಪಿಎಚ್ 4.9. ಈ ಅಂಕಿ ಏಳಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು. ಪೈನ್ ಎಲೆ ಉದುರಿ ಉದುರಿ ಮಣ್ಣು ಹುಳಿಯಾಗಿದೆ ಅಂತ ತೀರ್ಪು ಕೊಟ್ಟುಬಿಟ್ಟೆ. ಮಲೆನಾಡಿನವಳು ನಾನು, ಮಣ್ಣು ಕೆಡಿಸುತ್ತದೆ ಅಂತ ಅಕೇಶಿಯಾ ಬೈದು ಅಭ್ಯಾಸ ಅಲ್ವಾ!

ಪಕ್ಕದ ಮನೆಯ ಅಜ್ಜ ಅರಣ್ಯದ ಕೆಲಸದಲ್ಲಿದ್ದು ನಿವೃತ್ತರಾದವರು. ನನ್ನ ಮಾತು ಕೇಳಿ ನಕ್ಕು, ಗುದ್ದಲಿ ತಾ ಅಂದರು.

ಪೈನ್ ಕೆಳಗೆ ಮೊದಲು ಸಿಕ್ಕಿದ್ದು ಎರಡು ಇಂಚು ದಪ್ಪದ ಸೂಜಿ ಎಲೆಯ ಚಾಪೆ. ಹಿಡಿದು ಎತ್ತಿದರೆ ಹಾಗೇ ಕಿತ್ತು ಬಂತು. ಅಡಿಯಲ್ಲಿ ಅಣಬೆಯ ಬಿಳಿ ಎಳೆಗಳು, ಹಳೇ ಮರದ ಪೆಟ್ಟಿಗೆಯ ವಾಸನೆ. ಅದರ ಕೆಳಗೆ ಆರಿಂಚು ಪೇಲವ ಕಂದು ಮಣ್ಣು. ಆಮೇಲೆ ಚಾಕುವಿನಲ್ಲಿ ಕೊಯ್ದಂತೆ ಒಮ್ಮೆಲೇ ಕೆಂಪು ಜೇಡಿ. ಆ ನೇರ ಗೆರೆ ತೋರಿಸಿ ಅಜ್ಜ ಅಂದರು, ಇದು ನೇಗಿಲು ಓಡಾಡಿದ ಆಳ.

ಓಕ್ ಕಡೆ ಅಂಥ ಗೆರೆ ಇಲ್ಲ. ದರಗು ತೆಳ್ಳಗಿದೆ. ಕೆಳಗೆ ಕಪ್ಪು, ಪುಡಿಪುಡಿ ಮಣ್ಣು. ಅದು ನಿಧಾನವಾಗಿ ಕಂದಾಗಿ, ಆಮೇಲೆ ಕೆಂಪಾಗುತ್ತದೆ. ಎರಡು ಎರೆಹುಳ ಕೂಡ ಸಿಕ್ಕವು. ಗಡಿಯ ದೊಡ್ಡ ಓಕ್ ಮರದೊಳಗಿಂದ ತುಕ್ಕು ಹಿಡಿದ ಮುಳ್ಳುತಂತಿ ಹೊರಗೆ ಬಂದಿತ್ತು. ಬೇಲಿಯನ್ನೇ ನುಂಗಿ ಬೆಳೆದಿದೆ ಆ ಮರ.

ಅಂದರೆ ಎಡಗಡೆಯದು ಹಿಂದೆ ಹೊಲ. ಈ ಸೀಮೆಯಲ್ಲಿ ಹತ್ತಿ, ಹೊಗೆಸೊಪ್ಪು, ಮೆಕ್ಕೆಜೋಳ ಬೆಳೆದು ಬೆಳೆದು ಮೇಲ್ಮಣ್ಣು ಮಳೆಗೆ ಕೊಚ್ಚಿಹೋಯಿತು. ಜನ ಹೊಲ ಬಿಟ್ಟರು. ಪೈನ್ ಬೀಜಕ್ಕೆ ರೆಕ್ಕೆ ಇದೆ, ಗಾಳಿಯಲ್ಲಿ ಬಂದು ಬೀಳುತ್ತದೆ. ಬೋಳು ನೆಲ, ಸುಡುವ ಬಿಸಿಲು ಅದಕ್ಕೆ ಬೇಕಾದದ್ದೇ. ಇಲ್ಲಿನ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧನಾ ಕಾಡು ಡ್ಯೂಕ್ ಫಾರೆಸ್ಟ್ ಶುರುವಾದದ್ದು 1931ರಲ್ಲಿ. ಅಲ್ಲೂ ಹೀಗೆ ಪಾಳುಬಿದ್ದ ಹೊಲದಲ್ಲಿ ಎದ್ದ ಪೈನ್ ಕಾಡು ಬೇಕಾದಷ್ಟಿದೆ. ಪೈನ್ ಬಂದು ಮಣ್ಣು ಕೆಟ್ಟದ್ದಲ್ಲ. ಮಣ್ಣು ಕೆಟ್ಟಿತ್ತು, ಪೈನ್ ಬಂತು.

ಹಾಗಂತ ಎಲೆಯ ಪಾತ್ರ ಇಲ್ಲವೇ ಇಲ್ಲ ಅಂತಲ್ಲ. ಸೂಜಿ ಎಲೆಯಲ್ಲಿ ಮೇಣ, ಮರವನ್ನು ಗಟ್ಟಿ ಮಾಡುವ ಲಿಗ್ನಿನ್ ಜಾಸ್ತಿ, ಸುಣ್ಣದಂಶ ಕಡಿಮೆ. ಕೊಳೆಯಲು ವರ್ಷಗಳು ಬೇಕು. ಡಾಗ್‌ವುಡ್ ಎಲೆಯಲ್ಲಿ ಸುಣ್ಣದಂಶ ಧಾರಾಳ, ಬೇಗ ಮಣ್ಣಾಗುತ್ತದೆ. ಆದರೆ ಓಕ್ ಬದಿಯ ಮಣ್ಣನ್ನೂ ಪರೀಕ್ಷೆಗೆ ಕಳಿಸಿದೆ ನೋಡಿ, ಅಲ್ಲೂ 5.2! ಈ ಕೆಂಪು ಜೇಡಿಯ ಗುಣವೇ ಹುಳಿ.

ಅಜ್ಜ ಇನ್ನೊಂದು ತೋರಿಸಿದರು. ಪೈನ್ ನೆರಳಲ್ಲಿ ಒಂದೂ ಪೈನ್ ಸಸಿ ಇಲ್ಲ. ಇರುವುದೆಲ್ಲ ಮೇಪಲ್, ಸ್ವೀಟ್‌ಗಮ್, ಅಲ್ಲಲ್ಲಿ ಓಕ್. ನೆರಳು ತಡೆಯುವ ಶಕ್ತಿ ಪೈನ್ ಮರಿಗೆ ಇಲ್ಲವಂತೆ.

ಸುಣ್ಣ ಹಾಕಿದ ಮೇಲೆ ಮೆಂತ್ಯ ಚೆನ್ನಾಗಿ ಬಂತು. ಅಂಗಡಿಯಲ್ಲಿ ದುಡ್ಡು ಕೊಟ್ಟು ಪೈನ್ ಎಲೆಯ ಪಿಂಡಿ ತರುತ್ತಾರೆ ಇಲ್ಲಿಯವರು. ನಾನು ಹಿತ್ತಿಲಿನದನ್ನೇ ಗುಡಿಸಿ ಪಾತಿಗೆ ಮುಚ್ಚುತ್ತೇನೆ. ಈಗ ಕಾಟ ಅಳಿಲಿನದು. ಓಕ್ ಕಾಯಿ ತಂದು ಮೆತ್ತಗಿನ ಪಾತಿಯಲ್ಲೇ ಹೂಳುತ್ತದೆ. ಈ ವಸಂತದಲ್ಲಿ ಮೆಂತ್ಯದ ನಡುವೆ ಹನ್ನೊಂದು ಓಕ್ ಸಸಿ ಕಿತ್ತೆ.