ಸಾಹೇಬ್ರ, ಹಿತ್ತಲಾ ಬಿಟ್ರೆಲ್ರೀ!

ಮುಳುಗಡೆ ಬಗ್ಗೆ ಬೇರೆ ಊರಲ್ಲಿ ನಾಟಕ ಆಡುವುದು ಬೇರೆ, ಬಾಗಲಕೋಟೆಯಲ್ಲಿ ಆಡುವುದೇ ಬೇರೆ. ಬೇರೆ ಕಡೆ ಜನ ಕಥೆ ನೋಡುತ್ತಾರೆ. ಇಲ್ಲಿ ಲೆಕ್ಕ ಹಿಡಿಯುತ್ತಾರೆ.

ನಮ್ಮ ಊರಿನ ಐವತ್ತು ದಾಟಿದ ಯಾರನ್ನೇ ನಿಲ್ಲಿಸಿ ಕೇಳಿ, ಆಲಮಟ್ಟಿ ಅಣೆಕಟ್ಟೆಯಲ್ಲಿ ಈಗ ಸಮುದ್ರಮಟ್ಟದಿಂದ ಎಷ್ಟು ಎತ್ತರದ ತನಕ ನೀರು ನಿಲ್ಲಿಸುತ್ತಾರೆ ಅಂತ. 519.60 ಮೀಟರ್ ಅಂತ ದಶಾಂಶದ ಸಮೇತ ಹೇಳುತ್ತಾರೆ. ಮಗಳ ಮದುವೆ ತಾರೀಕು ಮರೆತಿರಬಹುದು, ಇದನ್ನು ಮರೆತಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟೆ ಅದು. ಕೆಲಸ ಮುಗಿಯುವ ಹೊತ್ತಿಗೆ ಕೃಷ್ಣೆಯ ಹಿನ್ನೀರು ಘಟಪ್ರಭೆಗುಂಟ ಹಿಂದಕ್ಕೆ ಸರಿದು ನಮ್ಮ ಹಳೇ ಊರಿನ ಓಣಿಗಳಿಗೆ ಬಂತು. ಅರ್ಧ ಊರು ನವನಗರದ ಸೆಕ್ಟರ್‌ಗಳಿಗೆ ಹೋಯಿತು. ಓಣಿಯ ಹೆಸರು ಹೇಳುತ್ತಿದ್ದ ಜನ ಸೆಕ್ಟರ್ ನಂಬರ್ ಹೇಳತೊಡಗಿದರು.

ಇದನ್ನೇ ಇಟ್ಟುಕೊಂಡು ನಮ್ಮ ತಂಡ ಹೊಸ ನಾಟಕ ಕಟ್ಟಿತ್ತು. ತಂಡ ಅಂದರೆ ದೊಡ್ಡದೇನಲ್ಲ. ಬ್ಯಾಂಕಿನವರು, ಸಾಲಿ ಮಾಸ್ತರರು, ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ, ಇಬ್ಬರು ಅಂಗನವಾಡಿ ಅಕ್ಕಂದಿರು. ಸಂಜೆ ಏಳರ ಮೇಲೆ ತಾಲೀಮು. ನಿರ್ದೇಶಕರು ಮಾತ್ರ ಹೆಗ್ಗೋಡಿನ ನಾಟಕ ಶಾಲೆಯಲ್ಲಿ ಕಲಿತು ಬಂದವರು, ಮಲೆನಾಡಿನ ಕಡೆಯವರು. ನಮ್ಮ ಮಾತು ಅವರಿಗೆ ಪೂರ್ತಿ ಅರ್ಥವಾಗಲು ಒಂದು ತಿಂಗಳಾದರೂ ಬೇಕಾಯಿತು. ನನಗೆ ಬಣ್ಣ ಹಚ್ಚುವ ಕೆಲಸ ಇರಲಿಲ್ಲ. ದೊಡ್ಡ ಪ್ರದರ್ಶನಕ್ಕೆ ಮುಂಚೆ ಅಲ್ಲಲ್ಲಿ ಆಡಿ ನೋಡೋಣ ಅಂತ ತೀರ್ಮಾನವಾದಾಗ ಅವರು ನನ್ನ ಕೈಗೆ ಒಂದು ಸಣ್ಣ ನೋಟ್‌ಬುಕ್ ಕೊಟ್ಟರು. "ನೀವು ಜನರ ನಡುವೆ ಕೂತ್ಕೊಳ್ಳಿ. ಅವರು ಏನು ಹೇಳ್ತಾರೆ ಅಂತ ಬರೀಬೇಡಿ. ಏನು ಮಾಡ್ತಾರೆ ಅಂತ ಬರೀರಿ" ಅಂದರು. ಮೊಬೈಲ್ ಬೇಡ ಅಂದಿದ್ದೂ ಅವರೇ. ಕತ್ತಲಲ್ಲಿ ಮುಖದ ಮೇಲೆ ಬೆಳಕು ಬಿದ್ದರೆ ಪಕ್ಕದವರು ಎಚ್ಚರಾಗುತ್ತಾರೆ, ಆಮೇಲೆ ಅವರೂ ನಾಟಕ ಶುರು ಮಾಡುತ್ತಾರೆ, ಅಲ್ವಾ?

ಮೊದಲು ಆಡಿದ್ದು ನವನಗರದ ಒಂದು ಸಭಾಭವನದಲ್ಲಿ. ಕರೆದವರೇ ಬಂದಿದ್ದರು. ನಟರ ಮನೆಯವರು, ಸಾಹಿತ್ಯದವರು, ಒಬ್ಬಿಬ್ಬರು ಡಾಕ್ಟರು. ಫ್ಯಾನಿನ ಕೆಳಗಿನ ಕುರ್ಚಿಗಳು ಮೊದಲು ತುಂಬಿದವು. ನಾಟಕ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. "ಬಾಳ ಛಲೋ ಆತ್ರಿ", "ಕಣ್ಣಾಗ ನೀರ ಬಂತ್ರಿ". ಚಹಾ, ಚೂಡಾ, ಗ್ರೂಪ್ ಫೋಟೋ. ನನ್ನ ನೋಟ್‌ಬುಕ್ಕಿನಲ್ಲಿ ಆ ದಿನ ಏನೂ ಇಲ್ಲ. ಜನ ಅಲುಗಾಡಿದರೆ ತಾನೇ ಬರೆಯುವುದು! ಕರೆಸಿಕೊಂಡು ಬಂದವರು ಮರ್ಯಾದೆಯಿಂದ ಕೂರುತ್ತಾರೆ. ಕೆಮ್ಮು ಬಂದರೂ ನುಂಗಿಕೊಳ್ಳುತ್ತಾರೆ. ಅಂಥವರ ಮುಂದೆ ಆಡಿ ನಾಟಕ ಗೆದ್ದಿತು ಅಂದುಕೊಳ್ಳುವಷ್ಟು ದಡ್ಡತನ ಇನ್ನೊಂದಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಅವತ್ತು ಒಬ್ಬರು ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಹಿಂದೆ ನಾಟಕ ಕಂಪನಿಗಳಲ್ಲಿ ಪಾತ್ರ ಮಾಡಿದವರು, ಈಗ ಮೊಮ್ಮಕ್ಕಳ ಜೊತೆ ಇದ್ದಾರೆ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಗೊತ್ತಲ್ಲ? ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಅಲ್ಲಿ ಕಂಪನಿಗಳ ಟೆಂಟು ಇರುತ್ತವೆ, ರಾತ್ರಿಯೆಲ್ಲ ನಾಟಕ. ಈ ಅಮ್ಮಾರು ಅಲ್ಲಿ ಎಷ್ಟೋ ವರ್ಷ ನಿಂತವರು. ಅಲ್ಲಿ ಹೊಸ ನಾಟಕವನ್ನು ಜನರ ಮುಂದೆಯೇ ತಿದ್ದುತ್ತಿದ್ದರಂತೆ. ಇವತ್ತು ನಗು ಬರದ ಮಾತು ನಾಳೆ ಇರುವುದಿಲ್ಲ. ಸೀಟಿ ಬಿದ್ದ ಮಾತು ನಾಳೆ ಎರಡಾಗುತ್ತದೆ. ಪಕ್ಕದ ಟೆಂಟಿನಲ್ಲಿ ಇನ್ನೊಂದು ಕಂಪನಿ ಇರುವಾಗ ಬೇರೆ ದಾರಿಯೂ ಇಲ್ಲ, ನಮ್ಮದು ಬೇಸರ ಬಂದರೆ ಜನ ಅಲ್ಲಿಗೆ ಹೋಗುತ್ತಾರೆ. ನನ್ನ ನೋಟ್‌ಬುಕ್ ನೋಡಿ ಅಮ್ಮಾರು ನಕ್ಕರು.

"ಎದ್ದು ಹೋಗಾವ್ರನ್ನ ಬರಕೋಬ್ಯಾಡ ತಮ್ಮಾ. ಮಂದಿ ಒಂದಕ್ಕೂ ಹೋಗ್ತಾರ, ಚಾಕೂ ಹೋಗ್ತಾರ. ಎದ್ದಾವ್ರು ಹೆಂಗ ತಿರುಗಿ ಬರ್ತಾರ ನೋಡು. ಓಡಿ ಬರ್ತಾರೋ, ಮಾತಾಡಕೋಂತ ಬರ್ತಾರೋ."

ಅದಾದ ಮೇಲೆ ಹಳೇ ಊರಿನ ಒಂದು ಓಣಿಯಲ್ಲಿ ಆಡಿದೆವು. ಗುಡಿ ಮುಂದಿನ ಬಯಲು, ಎರಡು ಹ್ಯಾಲೊಜನ್ ದೀಪ, ನೆಲಕ್ಕೆ ತಾಡಪಾಲು. ಯಾರನ್ನೂ ಕರೆದಿರಲಿಲ್ಲ, ಧ್ವನಿವರ್ಧಕದಲ್ಲಿ ಒಂದು ಸಲ ಕೂಗಿದ್ದೆವು ಅಷ್ಟೆ. ಮಕ್ಕಳು ಮುಂದೆ ಬಂದು ಕೂತರು, ಹೆಂಗಸರು ಒಂದು ಕಡೆ, ಗಂಡಸರು ಕಟ್ಟೆಯ ಮೇಲೆ, ಒಂದಿಷ್ಟು ಜನ ಬೈಕಿನ ಮೇಲೆಯೇ. ಇನ್ನು ಸ್ವಲ್ಪ ಹೊತ್ತಿನಲ್ಲಿ ಹೋಗುವವರ ಥರ ಇಂಜಿನ್ ಬಂದ್ ಮಾಡದೆ ಕೂತಿದ್ದ ಒಬ್ಬನನ್ನು ನೋಡಿ, ಇವನೇ ನನ್ನ ಮಾಪಕ ಅಂದುಕೊಂಡೆ. ಎರಡನೇ ದೃಶ್ಯಕ್ಕೆ ಇಂಜಿನ್ ಬಂದ್ ಆಯಿತು. ಬರೆದುಕೊಂಡೆ.

ಶುರುವಿನಲ್ಲೇ ಒಂದು ಪೆಟ್ಟು ಬಿತ್ತು. ನಮ್ಮ ನಾಟಕದಲ್ಲಿ ಅಜ್ಜಿ ಮನೆ ಬಿಡುವ ಮುಂಚೆ ತುಳಸಿಕಟ್ಟೆಯ ಜೊತೆ ಮಾತಾಡುವ ಉದ್ದನೆಯ ದೃಶ್ಯ ಇತ್ತು. ನವನಗರದಲ್ಲಿ ಕಣ್ಣೀರು ತರಿಸಿದ ದೃಶ್ಯ ಅದೇ. ಇಲ್ಲಿ ಅದು ಶುರುವಾದ ಕೂಡಲೇ ಹೆಂಗಸರು ತಮ್ಮ ತಮ್ಮಲ್ಲಿ ಮಾತಾಡತೊಡಗಿದರು. ಹುಡುಗರು ಗಿರಮಿಟ್ಟಿನ ಗಾಡಿ ಕಡೆ ಹೋದರು, ಆರಾಮಾಗಿ ತಿಂದುಕೊಂಡು ವಾಪಸ್ ಬಂದರು. ಊರು ಬಿಟ್ಟ ದುಃಖವನ್ನು ಊರು ಬಿಟ್ಟವರಿಗೇ ಹೇಳಿಕೊಟ್ಟರೆ ಇನ್ನೇನಾಗುತ್ತೆ? ಪಾತ್ರ ಮಾಡುತ್ತಿದ್ದ ಅಕ್ಕನಿಗೆ ಎಲ್ಲ ಗೊತ್ತಾಗುತ್ತಿತ್ತು. ದನಿ ಏರಿಸಿದಳು. ಏರಿಸಿದಷ್ಟೂ ಗದ್ದಲ ಜಾಸ್ತಿಯಾಯಿತು.

ಮುಂದಿನ ದೃಶ್ಯ ಸರ್ವೆಯದು. ಸಾಹೇಬರು ಬಂದು ಟೇಪು ಹಿಡಿದು ಮನೆ ಅಳೆಯುತ್ತಾರೆ, ಎಷ್ಟು ಅಡಿ, ಎಷ್ಟು ತೊಲೆ, ಎಷ್ಟು ಬಾಗಿಲು. ನಮ್ಮ ಲೆಕ್ಕದಲ್ಲಿ ಇದು ಸುಮ್ನೆ ಎರಡು ದೊಡ್ಡ ದೃಶ್ಯಗಳ ನಡುವಿನ ಸಣ್ಣ ದೃಶ್ಯ. ಎಲೆಕ್ಟ್ರಿಕಲ್ ಅಂಗಡಿಯ ಹುಡುಗನಿಗೆ ಆ ಪಾತ್ರ. ಅವನು ಟೇಪು ಬಿಚ್ಚಿದ್ದೇ ತಡ, ಬಯಲೆಲ್ಲ ಒಮ್ಮೆಲೇ ಸುಮ್ಮನಾಯಿತು. ಕಟ್ಟೆಯ ಮೇಲೆ ಒರಗಿದ್ದವರು ನೆಟ್ಟಗೆ ಕೂತರು. ಅವನು ಪಡಸಾಲೆ ಅಳೆದ, ಅಡಿಗೆಮನೆ ಅಳೆದ, ಬರೆದುಕೊಂಡ, ಟೇಪು ಸುತ್ತಿ ಹೊರಟ. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ.

"ಸಾಹೇಬ್ರ, ಹಿತ್ತಲಾ ಬಿಟ್ರೆಲ್ರೀ!"

ಹುಡುಗ ಒಂದು ಕ್ಷಣ ನಿಂತ. ಕೂಗಿದ್ದು ಯಾರು ಅಂತ ಕಣ್ಣು ಕಿರಿದು ಮಾಡಿ ನೋಡಿದ. ತಿರುಗಿ ಬಂದ. ಕೈಯಲ್ಲಿದ್ದ ಕಾಗದವನ್ನು ತಿರುವಿ ಹಾಕಿದ, ಪೆನ್ನನ್ನು ನಾಲಿಗೆಗೆ ಮುಟ್ಟಿಸಿಕೊಂಡ, ಟೇಪು ಬಿಚ್ಚಿ ಜನರ ನಡುವೆಯೇ ಇಳಿದು ಮುಂದೆ ಕೂತಿದ್ದ ಮಕ್ಕಳನ್ನು ಸರಿಸಿ ಅಳೆಯತೊಡಗಿದ. "ಹಿತ್ತಲದಾಗ ಏನೇನ ಐತ್ರಿ?" ಅಂತ ಕೇಳಿದ. ಬಯಲಿನ ನಾಲ್ಕೂ ಕಡೆಯಿಂದ ಉತ್ತರ ಬಂತು. ಕರಿಬೇವಿನ ಗಿಡ! ಬಚ್ಚಲಾ! ಎಮ್ಮಿ ಕಟ್ಟೂ ಗ್ವಾದ್ಲಿ! ಒಬ್ಬರು ತೆಂಗಿನ ಗಿಡ ಎರಡು ಅಂದರೆ ಇನ್ನೊಬ್ಬರು "ಮೂರು ಬರಸಲೇ, ಯಾರು ನೋಡಾಕ ಬರ್ತಾರ" ಅಂದರು. ನಗು ಅಂದರೆ ನಗು. ನಾಲ್ಕು ಮಿನಿಟಿನ ದೃಶ್ಯ ಹತ್ತು ಮಿನಿಟು ದಾಟಿತು. ನಾನು ಬರೆಯುವುದನ್ನೇ ಬಿಟ್ಟಿದ್ದೆ.

ಪರಿಹಾರದ ದುಡ್ಡಿನ ಪಾಲಿಗೆ ಅಣ್ಣತಮ್ಮಂದಿರು ಜಗಳ ಆಡುವ ದೃಶ್ಯಕ್ಕೆ ಮಾತ್ರ ಯಾರೂ ನಗಲಿಲ್ಲ. ನನ್ನ ಪಕ್ಕದಲ್ಲಿದ್ದ ಹೆಂಗಸು ಯಾರಿಗೂ ಅಂತಲ್ಲದೆ, "ನಮ್ಮ ಮನ್ಯಾಗೂ ಇದ ಆತು" ಅಂದಳು. ಕಟ್ಟೆಯ ಮೇಲಿದ್ದ ಒಬ್ಬರು ಎದ್ದು ಹೋದರು. ಅಮ್ಮಾರು ಹೇಳಿದ್ದು ನೆನಪಾಗಿ ಅವರು ಹೆಂಗೆ ಬರ್ತಾರೆ ಅಂತ ಕಾದೆ. ಬರಲೇ ಇಲ್ಲ. ನಾಟಕ ಮುಗಿದ ಮೇಲೆ ಪಾನ್ ಅಂಗಡಿಗೆ ಹೋದಾಗ ಅಂಗಡಿಯವನು ಹೇಳಿದ, ಅವರು ದೀಪದ ಬೆಳಕು ಬೀಳದ ಕಡೆ ನಿಂತು ಕೊನೆ ತನಕ ಕೇಳಿಸಿಕೊಂಡು ಹೋದರಂತೆ. ಅಮ್ಮಾರ ಸೂತ್ರದಲ್ಲಿ ಇದಕ್ಕೆ ಜಾಗ ಇರಲಿಲ್ಲ.

ಆಮೇಲೆ ಶುರುವಾಯಿತು ನೋಡಿ, ತಪ್ಪು ತೋರಿಸುವ ಕೆಲಸ. ನಮ್ಮ ಅಜ್ಜ ತೇಗದ ಬಾಗಿಲನ್ನು ಒಂದು ಸಲ ಸವರಿ, ಬಿಟ್ಟು ಹೊರಡುತ್ತಾನೆ. ಒಬ್ಬ ಕಾಕಾಗೆ ಅದು ಸಿಟ್ಟು ತರಿಸಿತ್ತು. "ಬಾಗಲಾ ಯಾರ ಬಿಟ್ಟ ಹೊಂಟಾರ್ರೀ? ಸಾಗವಾನಿ ಐತಿ! ಚೌಕಟ್ಟ ಸಮೇತ ಕಿತ್ಕೊಂಡ ಹೋಗೇವಿ. ನಮ್ಮ ಸೆಕ್ಟರಿನ ಮನಿಗಿ ಈಗೂ ಅದ ಬಾಗಲಾ, ಬರ್ರಿ ತೋರಸ್ತೀನಿ" ಅಂತ ನಿರ್ದೇಶಕರ ಕೈ ಹಿಡಿದರು. ಇನ್ನೊಬ್ಬರದು ಹೋಳಿಗೆ ಬಾರಿಸುವ ಹಲಗಿಯ ತಕರಾರು. ಬಾಗಲಕೋಟೆಯ ಹೋಳಿ, ಬಣ್ಣದ ಬಂಡಿ ಎಲ್ಲರಿಗೂ ಗೊತ್ತು. ಕಿಲ್ಲಾ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ, ಹೊಸಪೇಟೆ ಅಂತ ಓಣಿಗೊಂದು ಸರದಿ, ಓಣಿಗೊಂದು ಜಿದ್ದು. ನಾವು ಊರು ಬಿಡುವ ದೃಶ್ಯಕ್ಕೆ ಹಲಗಿ ಬಳಸಿದ್ದೆವು. "ಇದು ನಮ್ಮ ಓಣೀ ಬಡತ ಅಲ್ಲ ಬಿಡ್ರಿ" ಅಂತ ಅವರ ತೀರ್ಪು. ಬಾರಿಸಿದ ಹುಡುಗ ಪಕ್ಕದ ಓಣಿಯವನು, ಅವನು ಕೆರಳಿ ಕೆಂಪಾದ. ಆ ಜಗಳ ಇವತ್ತಿಗೂ ಮುಗಿದಿಲ್ಲ.

ನಿರ್ದೇಶಕರು ಬೇಗ ಕತ್ತರಿ ಹಿಡಿದರು. ತುಳಸಿಕಟ್ಟೆ ಮೂರು ಮಾತಿಗೆ ಇಳಿಯಿತು. ಅಜ್ಜ ಮತ್ತು ಮಕ್ಕಳು ಬಾಗಿಲನ್ನು ಚೌಕಟ್ಟಿನ ಸಮೇತ ಹೊತ್ತುಕೊಂಡು ರಂಗದಿಂದ ಹೋಗತೊಡಗಿದರು. ಭಾರದ ಬಾಗಿಲು ಹೊತ್ತು ಏದುಸಿರು ಬಿಡುವವರನ್ನು ನೋಡಿದ ಮೇಲೆ ಬೇರೆ ಅಳುವಿನ ಗರಜೂ ಇರಲಿಲ್ಲ. ಹಿತ್ತಲದ ಮಾತನ್ನಂತೂ ನಾಟಕಕ್ಕೇ ಸೇರಿಸಿದರು. ನಮ್ಮವನೇ ಒಬ್ಬ ಜನರ ನಡುವೆ ಕೂತು "ಹಿತ್ತಲಾ ಬಿಟ್ರೆಲ್ರೀ" ಅಂತ ಕೂಗಬೇಕು, ಸಾಹೇಬ ತಿರುಗಿ ಬರಬೇಕು.

ಮುಂದಿನ ಸಲ ಹಾಗೇ ಮಾಡಿದರು. ಮಾತು ಅದೇ, ಟೇಪು ಅದೇ, ಪೆನ್ನು ನಾಲಿಗೆಗೆ ಮುಟ್ಟಿಸಿದ್ದೂ ಅದೇ. ನಾಲ್ಕು ಜನ ನಕ್ಕರು. ಪಕ್ಕದಲ್ಲಿದ್ದ ಒಬ್ಬ ತನ್ನ ಗೆಳೆಯನಿಗೆ "ಇವ ಅವರ ಪೈಕೀನ" ಅಂದ. ಕತ್ತಲಲ್ಲೂ ಹೆಂಗೆ ಗೊತ್ತಾಗುತ್ತೋ! ಕೂಗುವವನು ಸಾಹೇಬನ ಸಮಯ ನೋಡಿಕೊಂಡು ಕೂಗುತ್ತಾನೆ. ನಿಜವಾಗಿ ಹಿತ್ತಲ ಕಳೆದುಕೊಂಡವನಿಗೆ ಆ ತಾಳ್ಮೆ ಎಲ್ಲಿರುತ್ತದೆ?

ತಂಡದಲ್ಲಿ ವಾದ ಆಯಿತು. ಆ ಮಾತನ್ನೇ ತೆಗೆದುಬಿಡೋಣ ಅಂದರು ಕೆಲವರು. ಕಂಪನಿಯ ಅಮ್ಮಾರು ಬಂದು ಕೂತಿದ್ದರು. "ಮಾತು ತಗೀರಿ. ಆದರ ಹಿತ್ತಲಾ ಬಿಟ್ಟ ಹೋಗೂದ ಬಿಡಬ್ಯಾಡ್ರಿ" ಅಂದರು. ಅಂದರೆ ಸಾಹೇಬ ಬೇಕಂತಲೇ ಹಿತ್ತಲ ಬಿಡಬೇಕು. ಟೇಪು ನಿಧಾನಕ್ಕೆ ಸುತ್ತಬೇಕು. ಹೊರಡುವ ಮುಂಚೆ ಜನರ ಕಡೆ ಒಂದು ಸಲ ನೋಡಬೇಕು. ಯಾರಾದರೂ ಕೂಗಿದರೆ ತಿರುಗಿ ಬರಬೇಕು. ಕೂಗದಿದ್ದರೆ ಹೋಗಿಬಿಡಬೇಕು. ಹುಡುಗನಿಗೆ ಕೈಕಾಲು ತಣ್ಣಗಾದವು. ಬರೆದ ಮಾತಾದರೆ ಒಪ್ಪಿಸಬಹುದು, ಇದಕ್ಕೆ ಏನಂತ ತಾಲೀಮು ಮಾಡುವುದು? ನಾನು ಅಮ್ಮಾರ ಪರ ನಿಂತೆ. ನಿರ್ದೇಶಕರು ಒಪ್ಪಿದ್ದು ಅರ್ಧ ಮನಸ್ಸಿನಿಂದ.

ಇದನ್ನು ಮಾಡಿ ನೋಡಿದ್ದು ಒಂದು ಪುನರ್ವಸತಿ ಕೇಂದ್ರದಲ್ಲಿ. ಜನ ಆರ್‌ಸಿ ಅಂತಾರೆ. ಅಲ್ಲಿಯವರು ಪಟ್ಟಣದವರಲ್ಲ, ನದಿ ದಂಡೆಯ ಹಳ್ಳಿಯವರು. ಸಾಹೇಬ ಅಳೆದ, ಟೇಪು ಸುತ್ತಿದ, ಜನರ ಕಡೆ ನೋಡಿದ. ಹಿತ್ತಲದ ಬಗ್ಗೆ ಯಾರೂ ಉಸಿರೆತ್ತಲಿಲ್ಲ. ಹುಡುಗ ಇನ್ನೇನು ಒಳಗೆ ಹೋಗಬೇಕು, ಮುಂದೆ ಕೂತಿದ್ದ ಒಬ್ಬ ಅಜ್ಜಿ ಸೆರಗು ಸರಿಮಾಡಿಕೊಂಡು ಕೇಳಿದಳು.

"ಬಾವಿ ಬರಕೊಂಡ್ಯೇನೋ ಯಪ್ಪಾ?"

ಬಾವಿಯ ಬಗ್ಗೆ ನಮಗೆ ಯಾರಿಗೂ ಹೊಳೆದಿರಲಿಲ್ಲ. ಹುಡುಗ ಕೈಯಲ್ಲಿದ್ದ ಖಾಲಿ ಕಾಗದವನ್ನು ಮೇಲಿಂದ ಕೆಳಗಿನ ತನಕ ನೋಡಿದ. ಹಿಂದೆ ತಿರುವಿ ನೋಡಿದ. ಆಮೇಲೆ ಅಜ್ಜಿಯ ಹತ್ತಿರ ಬಗ್ಗಿ, "ಆಯೀ, ಇದರಾಗ ಬಾವೀದು ಕಾಲಂ ಇಲ್ಲಬೇ" ಅಂದ. ಮೊದಲು ನಗು ಬಂತು. ಅದು ಪೂರ್ತಿ ಇಳಿಯುವ ಮುಂಚೆಯೇ ಚಪ್ಪಾಳೆ ಬಿತ್ತು, ಗಂಡಸರ ಕಡೆಯಿಂದ. ಅಜ್ಜಿ ಮಾತ್ರ ನಗಲಿಲ್ಲ, ಚಪ್ಪಾಳೆಯೂ ಹೊಡೆಯಲಿಲ್ಲ. "ಹಂಗಾರ ಮ್ಯಾಲ ಕೈಲೇ ಬರಿ" ಅಂದಳು. ಅವನು ಬರೆದುಕೊಂಡ.

ಈಗ ನಮ್ಮ ಪ್ರತಿಯಲ್ಲಿ ಆ ಜಾಗದಲ್ಲಿ ಮಾತಿಲ್ಲ. "ಟೇಪು ಸುತ್ತುತ್ತಾನೆ, ಕಾಯುತ್ತಾನೆ" ಅಂತಿದೆ. ಹುಡುಗ ಮಾತ್ರ ಸುಮ್ಮನೆ ಕೂತಿಲ್ಲ. ಸಿಕ್ಕವರ ಮನೆಗೆ ಹೋಗಿ ಟ್ರಂಕಿನಿಂದ ಹಳೇ ನೋಟೀಸು, ಪರಿಹಾರದ ಕಾಗದ ತೆಗೆಸಿ ಝೆರಾಕ್ಸ್ ಮಾಡಿಸಿಕೊಂಡಿದ್ದಾನೆ. ಅಂಗಡಿಯ ಗಲ್ಲೆಯ ಕೆಳಗೆ ಅದರದ್ದೇ ಒಂದು ಕಟ್ಟು. ಗಿರಾಕಿ ಇಲ್ಲದಾಗ ಓದುತ್ತಾನೆ.

ಮುಂದಿನ ಪ್ರದರ್ಶನ ಇನ್ನೂ ಮುಳುಗದ ಒಂದು ಹಳ್ಳಿಯಲ್ಲಿದೆ. 2010ರಲ್ಲಿ ಕೃಷ್ಣೆಯ ನೀರು ಹಂಚುವ ಎರಡನೇ ನ್ಯಾಯಮಂಡಳಿ 524.256 ಮೀಟರ್ ತನಕ ನೀರು ನಿಲ್ಲಿಸಬಹುದು ಅಂದ ಮೇಲೆ ಅಲ್ಲಿಯವರ ಬಾಯಲ್ಲೂ ದಶಾಂಶ ಬಂದಿದೆ. ಅವರು ತಮ್ಮ ಮನೆಯ ಅಳತೆಯನ್ನು ಮೊದಲು ನಾಟಕದಲ್ಲಿ ನೋಡುತ್ತಾರೆ. ಕಣ ಕೇಳ್ತಾರೋ, ಬಣವಿ ಕೇಳ್ತಾರೋ, ಟೇಪನ್ನೇ ಕಸಿದುಕೊಳ್ತಾರೋ ಅಂತ ಹುಡುಗ ನಿನ್ನೆ ನನ್ನನ್ನು ಕೇಳುತ್ತಿದ್ದ. ಕಸಿದುಕೊಂಡರೆ ಕೊಟ್ಟುಬಿಡು, ಅವರೇ ಅಳೀಲಿ ಅಂದೆ. ಅವನಿಗೆ ಅದೂ ಸರಿ ಅನ್ನಿಸಿತು. ಆದರೆ ಟೇಪು ಅಂಗಡಿಯದು, ವಾಪಸ್ ಕೊಡದಿದ್ದರೆ ಪಗಾರದಲ್ಲಿ ಹಿಡೀತಾರೆ ಅಂದ.